ಮೂರನೆಯ ಸಲದ ಬೇಡ

ಪಕ್ಕದ ಮನೆಯ ಲಾಯ್ಡ್ ಬಕೆಟ್ಟಿಗೆ ಕೈ ಹಾಕಿ ಮತ್ತೊಂದು ಹಿಡಿ ತೆಗೆದು ಅಂಗಳಕ್ಕೆ ಎರಚಿದ. ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಅರ್ಲೀನ್ ಗಾಜಿಗೆ ಮೂಗು ಒತ್ತಿ ನೋಡಿದಳು. ಬಿಳಿ ಬಿಳಿ ಹರಳು! ಮಿನೆಸೋಟಾದ ಜನವರಿಯಲ್ಲಿ ಬೆಳಬೆಳಗ್ಗೆ ಒಬ್ಬ ಮನುಷ್ಯ ಬಕೆಟ್ ಹಿಡಿದು ಎರಚುತ್ತಿದ್ದರೆ ಅದು ಉಪ್ಪಲ್ಲದೆ ಇನ್ನೇನು? ಮಂಜು ಕರಗಲಿ, ಪಾಪ, ಯಾರೂ ಜಾರಿ ಬೀಳದಿರಲಿ ಎಂಬ ಒಳ್ಳೆಯ ಬುದ್ಧಿ ಅವನದು. ಒಳ್ಳೆಯ ಬುದ್ಧಿಯವರನ್ನು ತಡೆಯುವುದು ಎಷ್ಟು ಕಷ್ಟ ನೋಡಿ.

ಆ ಅಂಗಳವನ್ನು ಅವಳ ಗಂಡ ವರ್ನರ್ ಸೆಪ್ಟೆಂಬರಿನಲ್ಲಿ ತಾನೇ ಹಾಕಿದ್ದ. ಊರವರ ಮನೆಗಳಿಗೆಲ್ಲ ಅಚ್ಚಿನ ಕಾಂಕ್ರೀಟು ಹಾಕಿ ಹಾಕಿ ಸೊಂಟ ಸವೆಸಿಕೊಂಡವನು ಕೊನೆಗೊಮ್ಮೆ ಸ್ವಂತ ಬಾಗಿಲ ಮುಂದೆ ಮೊಣಕಾಲೂರಿ, ಹಸಿ ಕಾಂಕ್ರೀಟಿನ ಮೇಲೆ ರಬ್ಬರಿನ ಅಚ್ಚು ಒತ್ತಿ, ಬಣ್ಣ ಕೊಟ್ಟು, ಥೇಟ್ ಹೊಳೆಗಲ್ಲು ಹಾಸಿದ ಹಾಗೆ ಮಾಡಿಕೊಟ್ಟಿದ್ದ. ಡಿಸೆಂಬರಿನಲ್ಲಿ ಅವನ ಸೊಂಟದ ಆಪರೇಷನ್ ಆಯಿತು. ಇನ್ನು ಮೊಣಕಾಲೂರುವ ಕೆಲಸದ ಮಾತೇ ಎತ್ತಬೇಡಿ ಎಂದರು ಡಾಕ್ಟರು. ಅಂದರೆ ಅವನ ಕೈಯ ಕೊನೆಯ ಕೆಲಸ ಇದೇ. ಹೊಸ ಕಾಂಕ್ರೀಟಿಗೆ ಮೊದಲ ಚಳಿಗಾಲದಲ್ಲಿ ಉಪ್ಪು ಬಿತ್ತೋ, ಕರಗಿದ ನೀರು ಒಳಗಿಳಿದು, ಮತ್ತೆ ಹೆಪ್ಪುಗಟ್ಟಿ, ಬಣ್ಣ ಅಚ್ಚು ಎಲ್ಲ ಸಮೇತ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಲಾಯ್ಡ್ ಉಪ್ಪು ಎರಚುವುದನ್ನು ವರ್ನರನಿಗೆ ಹೇಳಿದರೆ ಊರುಗೋಲು ಹಿಡಿದುಕೊಂಡೇ ಆ ಮಂಜಿಗೆ ಓಡಿಬಂದಾನು. ಅರ್ಲೀನ್ ಒಬ್ಬಳೇ ನುಂಗಿಕೊಂಡಿದ್ದಳು.

ಬೇಡ ಎನ್ನಬಹುದಿತ್ತಲ್ಲ ಎನ್ನುತ್ತೀರಾ? ಎಂದಿದ್ದಳು, ಎರಡು ಸಲ! ಆದರೆ ಅವರ ಕಡೆ ಎರಡು ಸಲ ಬೇಡ ಎಂದರೆ ಬೇಕು ಎಂದೇ ಅರ್ಥ. ಕಾಫಿ ಕೊಟ್ಟರೆ ಮೊದಲು 'ಬೇಡ', ಆಮೇಲೆ 'ಅಯ್ಯೋ, ಬೇಡಪ್ಪಾ', ಮೂರನೆಯ ಸಲಕ್ಕೆ 'ಸರಿ, ಅರ್ಧ ಲೋಟ ಕೊಡಿ'. ಹಾಗಾಗಿ ಅವಳು ಬೇಡ ಎಂದಷ್ಟೂ ಲಾಯ್ಡ್ ಒಂದೊಂದು ಹಿಡಿ ಹೆಚ್ಚಿಗೇ ಎರಚಿದ್ದ. ಮೂರನೆಯ ಸಲವೂ ಬೇಡ ಎಂದರೆ ಮುಖಕ್ಕೆ ಹೊಡೆದ ಹಾಗೆ. ಆ ಬೀದಿಯಲ್ಲಿ ಅಂಥ ಕೆಲಸ ಯಾರೂ ಮಾಡಿದವರಿಲ್ಲ.

ಅರ್ಲೀನ್ ಗಂಡನ ಬೂಟಿಗೇ ಕಾಲು ತೂರಿಸಿಕೊಂಡು, ಆ ಉಪ್ಪನ್ನು ತುಳಿಯಲು ಮನಸ್ಸಾಗದೆ ಎಂದಿನಂತೆ ಹಿತ್ತಲ ಬಾಗಿಲಿನಿಂದ ಸುತ್ತಿ ಹೊರಗೆ ಬಂದಳು.

"ಎದ್ದುಬಿಟ್ರಾ? ನಿನ್ನೆಗಿಂತ ಇವತ್ತು ವಾಸಿ, ಅಲ್ವಾ?" ಎಂದ ಲಾಯ್ಡ್. ಅವನ ಮೀಸೆ ಮಂಜುಗಟ್ಟಿತ್ತು.

"ದಿನಾ ನಿಮಗೆ ಎಷ್ಟು ತೊಂದ್ರೆ..."

"ಅಯ್ಯೋ, ಇದೇನ್ ಮಹಾ!" ಇನ್ನೊಂದು ಹಿಡಿ ಬಿತ್ತು.

"ಅಲ್ಲ, ನಿಮ್ಮನೇದೆಲ್ಲ ಇಲ್ಲೇ ಖಾಲಿ ಆಗ್ತಿದೆ ಅಂತ..."

"ನಮ್ಮನೇಲಿ ಇದಕ್ಕೇನೂ ಬರ ಇಲ್ಲ ಬಿಡಿ. ಒಂದು ಮೂಟೆ ತಂದು ಇಲ್ಲೇ ಇಟ್ಬಿಡ್ಲಾ?"

ಅರ್ಲೀನಳಿಗೆ ಅಳುವೇ ಬಂದುಬಿಟ್ಟಿತು. "ಬೇಡ! ಬೇಡ ಅಂದ್ರೆ ಬೇಡ! ಇನ್ನೊಂದು ಕಾಳು ಉಪ್ಪು ಬಿದ್ರೆ ಆ ಬಕೆಟ್ಟು ನಿಮ್ಮ ತಲೆ ಮೇಲೇ ಮಗುಚಿ ಹಾಕ್ತೀನಿ, ನೋಡ್ತಾ ಇರಿ!"

ಎದುರು ಮನೆಯ ಪರದೆ ಅಲುಗಿತು. ಲಾಯ್ಡನ ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಏನು ಅಂದುಬಿಟ್ಟೆನಪ್ಪಾ ಎಂದು ಅರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಉಪ್ಪಾ?" ಎಂದ ಅವನು ಕೊನೆಗೆ. "ಉಪ್ಪು ಹಾಕಿದ್ರೆ ವರ್ನರ್ ನನ್ನ ಉಳಿಸ್ತಿದ್ನಾ? ಆಸ್ಪತ್ರೆ ಮಂಚದಿಂದ್ಲೇ ಫೋನ್ ಮಾಡಿ ಬೆದರಿಸಿದ್ದಾನೆ ಪುಣ್ಯಾತ್ಮ! ಇದು ಕಲ್ಲುನುಚ್ಚು ಕಣ್ರೀ. ನಮ್ಮ ಕೋಳಿಗಳಿಗೆ ಹಾಕೋದು, ತಿಂದಿದ್ದು ಅರಗ್ಲಿ ಅಂತ. ಕಾಲೂ ಜಾರಲ್ಲ, ಕಾಂಕ್ರೀಟಿಗೂ ಏನೂ ಆಗಲ್ಲ."

"ಮತ್ತೆ ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತು ನಿಮಗೆ?"

"ಹೊಸಾ ಅಂಗಳಕ್ಕೆ ಕೋಳಿ ತಿನ್ನೋದನ್ನ ಎರಚ್ತಿದ್ದೀನಿ ಅಂತ ಹೇಗ್ರೀ ಹೇಳ್ಲಿ? ನೀವು ಬೇಜಾರು ಮಾಡ್ಕೊಂಡ್ರೆ?"

ಅರ್ಲೀನ್ ಬಗ್ಗಿ ಒಂದು ಹರಳು ಹೆಕ್ಕಿ ನಾಲಿಗೆ ಮೇಲಿಟ್ಟಳು. ಉಪ್ಪೂ ಅಲ್ಲ, ಸಪ್ಪೆಯೂ ಅಲ್ಲ, ಬರೀ ಕಲ್ಲು. ಕೈಗವುಸಿನಿಂದ ಮಂಜನ್ನು ಅತ್ತಿತ್ತ ಸರಿಸಿದಳು. ಕೆಳಗೆ ಹೊಳೆಗಲ್ಲುಗಳು ಕಂದು ಬಣ್ಣದಲ್ಲಿ, ಒಂದು ಚಕ್ಕೆಯೂ ಏಳದೆ, ಒತ್ತಿದ ದಿನ ಹೇಗಿದ್ದವೋ ಹಾಗೇ ಇದ್ದವು. ಹೋದ ಜೀವ ಬಂದಂತಾಗಿ ಅವಳು ಅಲ್ಲೇ ಕೂತು, ನಗುತ್ತಾ ಕಣ್ಣು ಒರೆಸಿಕೊಂಡಳು. ಲಾಯ್ಡ್‌ಗೆ ಕೈ ಹಿಡಿದು ಎಬ್ಬಿಸಲೋ ಬೇಡವೋ ತಿಳಿಯಲಿಲ್ಲ. ಬಕೆಟ್ಟು ಎತ್ತಿಕೊಂಡು ಮೆಲ್ಲಗೆ ಮನೆಗೆ ನಡೆದ.

ಅರ್ಲೀನ್ ಎದ್ದು, ಅಂಗಳದ ನಟ್ಟನಡುವೆ, ಆ ದೊಡ್ಡ ಬೂಟಿನಲ್ಲಿ ಧಪಧಪ ಹೆಜ್ಜೆ ಹಾಕುತ್ತ ಬಂದು ಮುಂಬಾಗಿಲು ತೆರೆದಳು. ಊರುಗೋಲು ಹಿಡಿದ ವರ್ನರ್ ಬಾಗಿಲಿನ ಒಳಗೇ ನಿಂತಿದ್ದ.

"ಏನೇ ಅದು ಸದ್ದು? ಎತ್ತು ನುಗ್ಗಿತೇನೋ ಅಂದ್ಕೊಂಡೆ."

"ನಾನೇ ಕಣೋ. ನಿನ್ನ ಅಂಗಳದ ಮೇಲೆ ನಡ್ಕೊಂಡು ಬಂದೆ."

ವರ್ನರ್ ಅವಳನ್ನೇ ನೋಡಿದ. "ಸದ್ಯ! ನಾನು ಆಸ್ಪತ್ರೆಯಿಂದ ಬಂದಾಗ್ಲಿಂದ ಹಿತ್ತಲ ಬಾಗಿಲಲ್ಲೇ ಓಡಾಡ್ತಿದ್ಯಲ್ಲ, ನಿಂಗೆ ಇಷ್ಟ ಆಗ್ಲಿಲ್ವೇನೋ ಅಂತ ನಾನೂ ಕೇಳ್ದೆ ಸುಮ್ನಿದ್ದೆ."