ಹೊಸತೊಡಕಿನ ಪಾಸ್ತಾ

"ಖಾರ ರುಬ್ಬಿಲ್ಲ, ಮುದ್ದೆಗೆ ಎಸರಿಟ್ಟಿಲ್ಲ, ಇದ್ಯಾವ ಸೀಮೆ ಹೊಸತೊಡಕವ್ವ?" ಅಡುಗೆಮನೆಯ ಬಾಗಿಲಲ್ಲಿ ನಿಂತು ಶಿವಲಿಂಗಮ್ಮ ಕೇಳಿದರು. ಒಲೆಯ ಮೇಲೆ ಇದ್ದದ್ದು ಒಂದೇ ಒಂದು ದೊಡ್ಡ ಬೋಸಿ. ಸೊಸೆ ಪದ್ಮಶ್ರೀ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಮೂಳೆ ತೆಗೆದ ಕೋಳಿ ತುಂಡು ಹಾಕಿ ಕೈಯಾಡಿಸುತ್ತಿದ್ದಳು. ಪಕ್ಕದಲ್ಲಿ ಚನ್ನಪಟ್ಟಣದಿಂದ ತಂದ ಪಾಸ್ತಾ ಪೊಟ್ಟಣವಿತ್ತು.

"ಯಾಕೆ, ಸಾರು ಮಾಡಾಕೆ ಬರಾಕಿಲ್ವ?"

"ಬರುತ್ತೆ ಅತ್ತೆ. ನಮ್ಮನೆ ಥರ ಮಾಡಿದ್ರೆ 'ನಮ್ಮನೇದಲ್ಲ' ಅಂತೀರ. ನಿಮ್ಮನೆ ಥರಾನೇ ಮಾಡಿದ್ರೂ 'ನಮ್ಮನೇದಲ್ಲ' ಅಂತೀರ. ಅದಕ್ಕೇ ಯಾರ ಮನೇದೂ ಅಲ್ಲದ್ದು ಮಾಡ್ತಿದೀನಿ."

ಮದುವೆಯಾಗಿ ಎಂಟು ತಿಂಗಳು. ಪದ್ಮಶ್ರೀ ಬೇರೆ ಜಾತಿಯವಳು, ಮಗ ದೀಪು ಮೆಚ್ಚಿ ಕಟ್ಟಿಕೊಂಡವಳು. ಶಿವಲಿಂಗಮ್ಮ ಒಂದು ದಿನವೂ ಬಾಯಿಬಿಟ್ಟು ಜಾತಿ ಎತ್ತಿದವರಲ್ಲ. ಸೊಸೆ ಮಾಡಿದ್ದನ್ನು ಒಂದು ದಿನವೂ ಉಂಡವರೂ ಅಲ್ಲ. "ಇವತ್ತು ಸೋಮವಾರ, ಒಪ್ಪತ್ತು" ಅನ್ನುತ್ತಿದ್ದರು. ಅದೇನು ಸೋಮವಾರವೋ, ವಾರಕ್ಕೆ ಮೂರು ಸಲ ಬರುತ್ತಿತ್ತು. ಉಳಿದ ದಿನ ತಮ್ಮ ಸಾರನ್ನು ತಾವೇ ಬೇರೆ ಪಾತ್ರೆಯಲ್ಲಿ ಕಾಯಿಸಿಕೊಳ್ಳುತ್ತಿದ್ದರು. "ಈ ಹೊಸತೊಡಕಿಗೂ ನಿಮ್ಮವ್ವ ನಾನು ಮಾಡಿದ್ದು ಉಣ್ಣಲಿಲ್ಲ ಅಂದ್ರೆ ಚನ್ನಪಟ್ಟಣದಲ್ಲಿ ಬಾಡಿಗೆ ಮನೆ ನೋಡು. ಇನ್ನೊಂದು ವರ್ಷ ನನ್ನ ಕೈಲಾಗಲ್ಲ" ಎಂದು ಪದ್ಮಶ್ರೀ ಗಂಡನಿಗೆ ಹೇಳಿಬಿಟ್ಟಿದ್ದಳು. ಯುಗಾದಿಯ ಮಾರನೆಯ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ಅವರ ಊರು ಅಕ್ಕೂರಿನಲ್ಲಿ ನಂಬದವರಿಲ್ಲ. ಅತ್ತೆಯಂತೂ ಎಲ್ಲರಿಗಿಂತ ಒಂದು ಕೈ ಮೇಲು.

ಆದರೆ ಈ ಸಲ ಆ ಕೈಯೇ ಕೆಟ್ಟು ಕೂತಿತ್ತು. ನಿನ್ನೆ ಒಬ್ಬಟ್ಟಿನ ಬೇಳೆ ಬಸಿಯುವಾಗ ಕುದಿನೀರು ಚೆಲ್ಲಿ ಶಿವಲಿಂಗಮ್ಮನ ಬಲಗೈ ಬೆಂದಿತ್ತು. ಮುಲಾಮು ಹಚ್ಚಿ, ಬೆರಳೇ ಕಾಣದಂತೆ ಪಟ್ಟಿ ಕಟ್ಟಿದವಳು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಪದ್ಮಶ್ರೀಯೇ. ಆಗ ಮಾತ್ರ ಯಾವ ಸೋಮವಾರವೂ ಅಡ್ಡ ಬರಲಿಲ್ಲ.

ಕೋಳಿ ಬಣ್ಣ ತಿರುಗಿತು. ಟೊಮೆಟೊ, ಎಳೆ ಹುರುಳಿಕಾಯಿ, ನೀರು, ಪಾಸ್ತಾ ಎಲ್ಲವನ್ನೂ ಅದೇ ಬೋಸಿಗೆ ಸುರಿದು ಪದ್ಮಶ್ರೀ ತಟ್ಟೆ ಮುಚ್ಚಿದಳು.

"ನಂಗೆ ಹಸಿವಿಲ್ಲ ಬುಡು" ಅಂದರು ಶಿವಲಿಂಗಮ್ಮ.

"ಹೊಸತೊಡಕಿನ ದಿನ ಉಪವಾಸಾನಾ ಅತ್ತೆ? ಹಂಗಾದ್ರೆ ವರ್ಷ ಪೂರ್ತಿ..."

"ಬುಡ್ತು ಅನ್ನು!" ಶಿವಲಿಂಗಮ್ಮ ಬೆಚ್ಚಿಬಿದ್ದರು. ನಿಂಬೆಹಣ್ಣು ಹೆಚ್ಚುತ್ತಿದ್ದ ಮಗನ ಕಡೆ ತಿರುಗಿದರು. "ಲೇ ದೀಪು, ಲತಾಮಣಿ ಮನೇಲಿ ಒಸಿ ಬಾಡಿನ ಸಾರು ಇಸ್ಕೊಂಡ್ ಬಾ ಹೋಗ್ಲಾ."

"ಹೊಸತೊಡಕಿನ ದಿನ ಪಾತ್ರೆ ಹಿಡ್ಕೊಂಡು ಪಕ್ಕದ ಮನೆ ಬಾಗ್ಲಲ್ಲಿ ನಿಂತ್ಕೊಳ್ಲಾ ಅವ್ವ?" ದೀಪು ತಲೆಯೆತ್ತದೆ ಕೇಳಿದ.

ತಟ್ಟೆ ತೆಗೆದಾಗ ನೀರೆಲ್ಲ ಇಂಗಿತ್ತು. ಪದ್ಮಶ್ರೀ ಒಂದಿಷ್ಟು ಕೆನೆ, ಮೆಣಸಿನಪುಡಿ, ಹಿತ್ತಲ ನುಗ್ಗೆಮರದ ಚಿಗುರು ಹಾಕಿ, ನಿಂಬೆ ಹಿಂಡಿ ಇಳಿಸಿದಳು. ನಡುಮನೆಯಲ್ಲಿ ಮೂರು ತಟ್ಟೆ ಇಟ್ಟಳು. ಶಿವಲಿಂಗಮ್ಮ ತಟ್ಟೆಯ ಮುಂದೆ ಕೂತರು. ಎಡಗೈಯಲ್ಲಿ ಉಣ್ಣುವವರಲ್ಲ ಅವರು.

"ನೀನೇ ತಿನ್ನಿಸ್ಲಾ" ಎಂದರು ಮಗನಿಗೆ.

ಎಂಟು ತಿಂಗಳಿಂದ ಅತ್ತ ಅವ್ವ, ಇತ್ತ ಹೆಂಡತಿ ಎಂದು ಗೋಡೆ ನೋಡಿಕೊಂಡೇ ಕಾಲ ತಳ್ಳಿದ್ದ ದೀಪು ಅವತ್ತು ಅವ್ವನ ಮುಖ ನೋಡಿದ. "ಮಾಡಿದೋಳು ಅವ್ಳು. ಅವ್ಳೇ ತಿನ್ನಿಸ್ತಾಳೆ" ಅಂದವನೇ ತನ್ನ ತಟ್ಟೆಗೆ ಕೈಯಿಟ್ಟ.

ಪದ್ಮಶ್ರೀ ಚಮಚ ಹಿಡಿದು ಅತ್ತೆಯ ಎದುರಿಗೆ ಕೂತಳು. ಅವಳಿಗೆ ಸಿಟ್ಟೂ ಇತ್ತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಆ ಮುದುಕಿಯನ್ನು ಕಂಡು ಅಯ್ಯೋ ಅಂತಲೂ ಅನ್ನಿಸುತ್ತಿತ್ತು. ಬೀದಿ ಬಾಗಿಲು ತೆರೆದಿತ್ತು. ಅತ್ತಿತ್ತ ಜನ ಓಡಾಡುತ್ತಿದ್ದರು.

"ಬಾಗ್ಲು ಹಾಕವ್ವ" ಎಂದರು ಶಿವಲಿಂಗಮ್ಮ, ಮೆಲ್ಲಗೆ.

"ಹಾಕಲ್ಲ ಅತ್ತೆ. ಇವತ್ತು ಹಾಕಲ್ಲ."

ಚಮಚದ ಹಬೆ ಆರುತ್ತಾ ಬಂತು. ದೀಪು ಅಗಿಯುವುದನ್ನು ಮರೆತು ನೋಡುತ್ತಿದ್ದ. ಶಿವಲಿಂಗಮ್ಮ ಬೀದಿಯ ಕಡೆ ನೋಡಿದರು, ತಮ್ಮ ಕೈಯ ಪಟ್ಟಿ ನೋಡಿಕೊಂಡರು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದರು.

ತುಂಬ ಹೊತ್ತು ಅಗಿದರು. ಎರಡನೆಯ ಚಮಚಕ್ಕೆ ಕಣ್ಣು ಮುಚ್ಚಲಿಲ್ಲ. ಮೂರನೆಯದಕ್ಕೆ ತಾವೇ ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಲತಾಮಣಿ ಬಾಗಿಲಲ್ಲಿ ನಿಂತು, "ಏನಕ್ಕ, ಸೊಸೆ ಕೈಲಿ ಉಣ್ಣುಸ್ಕೋತಾ ಇದೀಯ?" ಅಂದಳು.

ಪದ್ಮಶ್ರೀಯ ಚಮಚ ನಡುವೆಯೇ ನಿಂತಿತು.

"ಹೂಂ ಕಣೆ" ಎಂದರು ಶಿವಲಿಂಗಮ್ಮ. ಲತಾಮಣಿ ಅತ್ತ ಹೋದ ಮೇಲೆ ಸೊಸೆಯ ಕಡೆ ತಿರುಗಿದರು. "ಇವತ್ತು ಉಂಡಿದ್ದೇ ವರ್ಷ ಪೂರ್ತಿ ಅಂತ ಇದ್ನೇ ತಿನ್ನಿಸ್ಬುಟ್ಟೀಯ ಮತ್ತೆ! ನಾಳೆ ನಿಮ್ಮವ್ವನ ಮನೇಲಿ ಮಾಡೋ ಹಂಗೆ ಸಾರು ಮಾಡು."