ಹತ್ತನೆಯವನು

"ಮೈಕು ತಾ ಇಲ್ಲಿ! ಏಳ್ನೇ ಕ್ಲಾಸಿಗೆ ಸಾಲೆ ಬಿಟ್ಟೋನು ನೀ. ಮಾಸ್ತರ ಬಗ್ಗೆ ನೀ ಎಂತ ಮಾತಾಡ್ತೆ ಮಾರಾಯ? ಕುರ್ಚಿ ಹಾಕಾತು, ಪೆಂಡಾಲು ಕಟ್ಟಾತು, ನಿನ್ನ ಕೆಲ್ಸ ಮುಗೀತು. ಹಿಂದೆ ಹೋಗಿ ನಿಂತ್ಕ."

ಶಾಲಾ ಸಮಿತಿಯ ಅಧ್ಯಕ್ಷ ಸುಭಾಷ ಬೀರನ ಕೈಯಿಂದ ಕಸಿದುಕೊಂಡ ಮೈಕು ಇನ್ನೂ ಚಾಲೂ ಇತ್ತು. ಕೆರಿಯಪ್ಪ ಮಾಸ್ತರ ನುಡಿನಮನಕ್ಕೆ ಸೇರಿದ್ದ ಇಡೀ ಊರು ಕೇಳಿಸಿಕೊಂಡಿತು. ಯಾರೋ ಕಿಸಕ್ಕನೆ ನಕ್ಕರು. ಬೀರನ ಕಿವಿ ಕಾದ ಕಬ್ಬಿಣವಾಯಿತು. ಯಲ್ಲಾಪುರದಲ್ಲಿ ಅವನು ದುಡಿಯುವ ವೆಲ್ಡಿಂಗ್ ಅಂಗಡಿಯೆದುರು ಯಾರಾದರೂ ಹೀಗೆ ಅಂದಿದ್ದರೆ ಅಂದವನ ಕಾಲರು ಇಷ್ಟು ಹೊತ್ತಿಗೆ ಅವನ ಮುಷ್ಟಿಯಲ್ಲಿರುತ್ತಿತ್ತು. ಆದರೆ ಮೇಜಿನ ಮೇಲೆ ಹಾರ ಹಾಕಿದ್ದ ಮಾಸ್ತರ ಫೋಟೊ ಇತ್ತು. ಅದರೆದುರು ಕೈ ಎತ್ತುವುದುಂಟೇ? ಹಲ್ಲು ಕಚ್ಚಿಕೊಂಡು ಹಿಂದೆ ಹೋಗಿ ಕಂಬಕ್ಕೊರಗಿ ನಿಂತ.

ಅವನಿಗೆ ಹೇಳಬೇಕಿದ್ದದ್ದು ಹೆಚ್ಚೇನೂ ಅಲ್ಲ. ಐದನೆಯ ತರಗತಿಯಲ್ಲಿದ್ದಾಗ ಮಾಸ್ತರು ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಯಲ್ಲಾಪುರಕ್ಕೆ ಹೋಗಿ, ವಸತಿ ಶಾಲೆ ಸೇರುವ ಪರೀಕ್ಷೆ ಬರೆಸಿದ್ದರು. ಆ ವರ್ಷ ಊರಿನಿಂದ ಬರೆದವನು ಅವನೊಬ್ಬನೇ. ಮುಗಿಸಿ ಬಂದವನಿಗೆ ಎರಡು ಬನ್ಸ್ ತಿನ್ನಿಸಿದ್ದರು. ಎರಡು ತಿಂಗಳು ಬಿಟ್ಟು, "ಆಗ್ಲಿಲ್ಲ ಬೀರ, ಹೋಗ್ಲಿ ಬಿಡು" ಎಂದು ತಲೆ ಸವರಿದ್ದರು. ತನ್ನ ತಲೆಯಲ್ಲಿರುವುದು ಸಗಣಿಯೇ ಎಂದು ಅಂದೇ ನಂಬಿದ ಬೀರ ಪುಸ್ತಕ ಮುಟ್ಟುವುದನ್ನು ಬಿಟ್ಟ, ಆಮೇಲೆ ಶಾಲೆಯನ್ನೂ ಬಿಟ್ಟ. ಊರೆಲ್ಲ ದಡ್ಡ ಎಂದಿತು. ಹೆತ್ತ ಅಪ್ಪನೂ ಎಂದ. ಮಾಸ್ತರೊಬ್ಬರು ಅನ್ನಲಿಲ್ಲ. ಅಷ್ಟನ್ನು ಹೇಳಿ ಕೈಮುಗಿದು ಇಳಿಯಬೇಕೆಂದಿದ್ದ.

ಒಬ್ಬೊಬ್ಬರೇ ಎದ್ದು ಮಾತಾಡಿದರು. ಮಳೆಗಾಲದಲ್ಲಿ ಮಾಸ್ತರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ಹಳ್ಳ ದಾಟಿಸಿದ್ದು, ಊರಿನ ಸಾರಾಯಿ ಅಂಗಡಿ ಎತ್ತಿಸಿದ್ದು, ಪಾಲಿಗೆ ಬಡಿದಾಡಿಕೊಂಡ ಅಣ್ಣತಮ್ಮಂದಿರನ್ನು ಒಂದೇ ಕಂಬಳಿಯ ಮೇಲೆ ಕೂರಿಸಿ ಉಣ್ಣಿಸಿದ್ದು, ನಿವೃತ್ತರಾದ ಮೇಲೂ ದಿನಾ ಬಂದು ಪಾಠ ಹೇಳಿದ್ದು, ಎಲ್ಲ ಬಂತು. ಕೊನೆಗೆ ಶಿರಸಿಯಿಂದ ಬಂದಿದ್ದ ಪರಿಮಳಾ ಅಕ್ಕೋರು ಎದ್ದರು. ಹಿಂದೆ ಇದೇ ಶಾಲೆಯಲ್ಲಿ ಮಾಸ್ತರ ಜೊತೆಗೆ ಕಲಿಸಿದವರು.

"ಇದೊಂದು ಮಾತು ಇಷ್ಟು ವರ್ಷ ಯಾರ ಹತ್ರನೂ ಹೇಳಿರ್ಲಿಲ್ಲ," ಎಂದು ಶುರುಮಾಡಿದರು. "ಆ ವರ್ಷ ಈ ಶಾಲೇಲಿ ಹತ್ತೇ ಮಕ್ಕಳು. ಒಂದು ಕಮ್ಮಿ ಆದ್ರೂ ಬಾಗಿಲು ಹಾಕೂದೇ ಅಂತ ಮೇಲಿಂದ ಆರ್ಡರು. ಅದೇ ಹೊತ್ತಿಗೆ ನಮ್ಮ ಒಬ್ಬ ಹುಡುಗಂಗೆ ವಸತಿ ಶಾಲೇಲಿ ಸೀಟಾತು. ಪಟ್ಟೀಲಿ ಮೂರನೇ ಹೆಸರು! ಕಾಗದ ಶಾಲೆಗೇ ಬಂತು. ಮಾಸ್ತರು ಎಂತ ಮಾಡಿದ್ರು ಗೊತ್ತಿದ್ಯಾ? ಅದನ್ನ ಮಡಚಿ ಕಿಸೆಗೆ ಹಾಕ್ಕಂಡ್ರು. ಅವತ್ತು ಊಟದ ಡಬ್ಬಿ ಬಿಚ್ಚಲೇ ಇಲ್ಲ. 'ಅಕ್ಕೋರೇ, ಇವ ಒಬ್ಬ ಹೋದ್ರೆ ಉಳಿದ ಒಂಬತ್ತು ಮಕ್ಕಳು ನಾಳೆಯಿಂದ ದನ ಕಾಯ್ತವೆ' ಅಂದ್ರು. ಇವತ್ತು ಇಲ್ಲಿ ಮೂವತ್ತೆರಡು ಮಕ್ಕಳು ಕೂತಿದ್ರೆ ಆ ಪುಣ್ಯಾತ್ಮನಿಂದ!"

ಚಪ್ಪಾಳೆ ಬಿತ್ತು. ಚಾಪೆಯ ಮೇಲಿದ್ದ ಮಕ್ಕಳೇ ಮೊದಲು ತಟ್ಟಿದವು. ಬೀರನ ಅಣ್ಣನ ಮಗಳು ದಿವ್ಯಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಆಮೇಲೆ ದೊಡ್ಡವರ ಕೈಗಳು ಒಂದೊಂದಾಗಿ ನಿಂತವು. ತಲೆಗಳು ಒಂದೊಂದಾಗಿ ಕಂಬದ ಕಡೆ ತಿರುಗಿದವು.

ಬೀರ ಕಂಬ ಬಿಟ್ಟು ನೆಟ್ಟಗೆ ನಿಂತ. ಮೂರನೇ ಹೆಸರು. ಹದಿನೈದು ವರ್ಷ ತನ್ನನ್ನು ತಾನೇ ಬೈದುಕೊಂಡದ್ದೆಲ್ಲ ಒಮ್ಮೆಲೇ ಕಿವಿಯೊಳಗೆ ಕೂಗಿತು. ಸುಭಾಷನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈಗ ಎದ್ದ ಸಿಟ್ಟಿಗೆ ಹೋಗಿ ಬೀಳಲು ಜಾಗವೇ ಇರಲಿಲ್ಲ. ಮಾಸ್ತರು ಹಾರದೊಳಗಿಂದ ನಗುತ್ತಿದ್ದರು.

"ಅಕ್ಕೋರೇ," ಬಿಸಿಯೂಟದ ಸಿದ್ದವ್ವ ಮೆಲ್ಲಗೆ ಹೇಳಿದಳು, "ಆ ಹುಡುಗ ಅಲ್ಲೇ ಕಂಬದ ಹತ್ರ ನಿಂತಿದ್ದ ನೋಡಿ."

ಅಕ್ಕೋರು ಕನ್ನಡಕ ಏರಿಸಿದರು. "ಅಯ್ಯೋ, ಬೀರನಾ! ಗಡ್ಡ ಬಿಟ್ಟಿದ್ಯಲಾ, ನಂಗೆ ಗುರ್ತೇ ಸಿಕ್ಲಿಲ್ಲ…"

ಸುಭಾಷ ತಾನಾಗಿ ವೇದಿಕೆ ಇಳಿದು ಬಂದು ಮೈಕು ಮುಂದೆ ಹಿಡಿದ. "ತಗಳಾ ಬೀರ. ಎಂತದಾದ್ರೂ ಹೇಳು. ಎರಡೇ ಮಾತು."

ಬೀರ ಮೈಕು ನೋಡಿದ. ಫೋಟೊ ನೋಡಿದ. ಚಾಪೆಯ ನಡುವಿನಿಂದಲೇ ಗೇಟಿನ ಕಡೆ ಹೊರಟ. ದೊಡ್ಡವರು ಹಾಯುವಾಗ ಹೇಗಿರಬೇಕೆಂದು ಮಾಸ್ತರು ಕಲಿಸಿದ್ದರೋ ಹಾಗೇ, ಮೂವತ್ತೆರಡು ಮಕ್ಕಳೂ ಸರಕ್ಕನೆ ಕಾಲು ಮಡಚಿ ಅವನಿಗೆ ದಾರಿ ಬಿಟ್ಟವು.