ಹತ್ತು ನಿಮಿಷದ ಕಾಲು

ನರಗಳನ್ನು ಕೆಡಿಸಿ ಕೈಕಾಲು ಸೋಲಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಭಾನುವಾರದ ಸಭೆಗೆ ಒಂದೇ ನಿಯಮ. ಬೇರೆ ಕಾಯಿಲೆಗೆಂದು ಮಾಡಿದ ಔಷಧಿ ತನಗೂ ಬೇಕೆನ್ನುವವರು, ಅದನ್ನು ನುಂಗಿದವರೊಂದಿಗೆ ಹತ್ತು ನಿಮಿಷ ಅಂಗ ಬದಲಿಸಿಕೊಂಡು ನೋಡಬೇಕು.

ಟೈಲರ್ ಪಂಕಜಾಕ್ಷಿ ಕ್ಯಾನ್ಸರ್ ಗುಳಿಗೆ ಕೇಳಿದ್ದಳು. ಅವಳದೇ ಕಾಯಿಲೆಗೆ ಅದನ್ನು ವರ್ಷವಿಡೀ ನುಂಗಿದ್ದ ಶಿವನಂಜಪ್ಪ ಬೇಡವೆಂದಿದ್ದರು. ಅವರ ಕಾಲು ಪಡೆದವಳು ಊರುಗೋಲನ್ನು ಗೋಡೆಗೆ ಒರಗಿಸಿ, ಕಿಟಕಿಯವರೆಗೆ ನಡೆದು ಬಂದಳು.

“ಇಷ್ಟು ಗಟ್ಟಿ ಕಾಲಿಟ್ಕೊಂಡು ಬೇಡ ಅಂತೀರಲ್ಲಣ್ಣ. ನಾನು ಮಿಷನ್ ತುಳಿಯೋದು ಬೇಡ್ವಾ?”

ಜೋಮು ಹಿಡಿದ ಅವಳ ಕಾಲುಗಳನ್ನು ನೀವಿಕೊಳ್ಳುತ್ತಾ ಶಿವನಂಜಪ್ಪ ಹೇಳಿದರು: “ತುಳೀಬೌದು ಕಣಮ್ಮ. ಸೂಜಿಗೆ ದಾರ ಪೋಣಿಸೋರ್ಯಾರು? ಆ ಗುಳಿಗೆ ನನ್ನ ಕಣ್ಣು ತಿಂದ್ಬಿಡ್ತು.”

ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷವಿತ್ತು. ಪಂಕಜಾಕ್ಷಿ ಚೀಲದಿಂದ ಸೂಜಿ, ದಾರ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಕಾಲು ವಾಪಸ್ ತಗೊಳ್ಳಿ,” ಎಂದಳು. “ಈಗ ಕಣ್ಣು ಕೊಡಿ.”